ಹದಿನೈದು ಚುಕ್ಕಿ, ಎಂಟಕ್ಕೆ ನಿಲ್ಲಿಸೋದು

“ಮೇಷ್ಟ್ರೇ, ಮೊಮ್ಮಗಳು ನಾಕನೇ ಕ್ಲಾಸಿಗೆ ಬಂದಾಳ. ಕೋಡಿಂಗ್ ಕ್ಲಾಸಿಗೆ ಹಾಕ್ಬೇಕಂತ ಮಗ ಹಟ ಹಿಡ್ದಾನ. ಫೀಸು ಕೇಳಿದ್ರ ಎದಿ ಝಲ್ ಅಂತೈತಿ. ಹಾಕೋದಾ, ಬ್ಯಾಡಾ?”

ಪಕ್ಕದ ಮನೆಯ ಅಕ್ಕಾರು ಕಾಂಪೌಂಡ್ ಗೋಡೆಯ ಮೇಲೆ ಮೊಣಕೈ ಊರಿ ಇಷ್ಟು ಕೇಳಿದರೆ ಬಳ್ಳಾರಿ ಗಾಂಧಿನಗರದ ನಮ್ಮ ಓಣಿಯಲ್ಲಿ ಮಾತು ಬೇಗ ಮುಗಿಯುವುದಿಲ್ಲ. ನಾನು ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತನಾದವನು. ಮಕ್ಕಳ ವಿಷಯ ಬಂದರೆ ಕೈಯಲ್ಲಿದ್ದ ಕೆಲಸ ಬಿಟ್ಟು ನಿಲ್ಲುತ್ತೇನೆ.

“ಅಕ್ಕಾರ, ಅದಕ್ಕೆ ಆಮೇಲೆ ಬರ್ತೀನಿ. ಮೊದಲು ಇದು ಹೇಳ್ರಿ. ಇವತ್ತು ಗೇಟಿನ ಮುಂದೆ ಹಾಕೀರಲ್ಲ, ಆ ರಂಗೋಲಿ ಎಂಥದು?”

“ಅದಾ? ಹದಿನೈದು ಚುಕ್ಕಿ, ಸಂದು ಚುಕ್ಕಿ, ಎಂಟಕ್ಕೆ ನಿಲ್ಲಿಸೋದು.”

“ಮೊಮ್ಮಗಳಿಗೆ ಬರ್ತೈತಾ?”

“ಬರದೇನು? ನನಗಿಂತ ಚಂದ ಹಾಕ್ತಾಳ.”

ಹಾಗಾದರೆ ಹುಡುಗಿ ಆಗಲೇ ಅರ್ಧ ದಾರಿ ಬಂದಿದ್ದಾಳೆ ಅಂದೆ. ಮಾತು ತಪ್ಪಿಸುತ್ತಿದ್ದೇನೆ ಅಂದುಕೊಂಡರೇನೋ, ಅಕ್ಕಾರು ಹುಬ್ಬು ಗಂಟಿಕ್ಕಿದರು. ನಾನು ಮಾತು ತಪ್ಪಿಸಲಿಲ್ಲ. ಆ ಒಂದು ಸಾಲನ್ನೇ ನೋಡಿ. ನಡುವೆ ಹದಿನೈದು ಚುಕ್ಕಿಯ ಸಾಲು. ಅದರ ಮೇಲೆ ಎರಡು ಚುಕ್ಕಿಯ ಸಂದಿಗೆ ಒಂದರಂತೆ ಹದಿನಾಲ್ಕು, ಅದರ ಮೇಲೆ ಹದಿಮೂರು, ಹೀಗೆ ಎಂಟಕ್ಕೆ ಬಂದರೆ ನಿಲ್ಲಬೇಕು. ಕೆಳಗೂ ಅದೇ. ಒಟ್ಟು ಹದಿನೈದು ಸಾಲು, 169 ಚುಕ್ಕಿ, ಆರು ಮೂಲೆಯ ಆಕಾರ. ಎಲ್ಲಿಂದ ಶುರು, ಪ್ರತಿ ಸಲ ಏನು ಬದಲಾಗಬೇಕು, ಎಲ್ಲಿ ನಿಲ್ಲಬೇಕು ಎಂಬ ಮೂರೂ ಆ ಐದಾರು ಪದದಲ್ಲಿವೆ. ಕಂಪ್ಯೂಟರಿಗೆ ಒಂದೇ ಕೆಲಸವನ್ನು ಸುತ್ತು ಸುತ್ತಾಗಿ ಮಾಡಿಸಬೇಕಾದರೆ ಹೇಳಬೇಕಾದದ್ದೂ ಇದೇ ಮೂರು. ನಮ್ಮ ಹೆಣ್ಣುಮಕ್ಕಳು ತಲೆತಲಾಂತರದಿಂದ ಗೋಡೆಯಾಚೆ ನಿಂತು ಒಬ್ಬರಿಗೊಬ್ಬರು ಇದನ್ನು ಹೇಳಿಕೊಂಡು ಬಂದಿದ್ದಾರೆ. ಚಿತ್ರ ತೋರಿಸದೆ, ಬರೀ ಬಾಯಿಮಾತಿನಲ್ಲಿ.

ಇದು ಪಕ್ಕದ ಮನೆಯವರನ್ನು ಮೆಚ್ಚಿಸಲು ಆಡಿದ ಮಾತಲ್ಲ. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ ಎಂಬ ದಂಪತಿ ಕಮಲಾ ಕೃತಿವಾಸನ್ ಅವರ ಜೊತೆ ಸೇರಿ ತಮಿಳುನಾಡಿನ ರಂಗೋಲಿಯಾದ ಕೋಲಂ ಬಗ್ಗೆ 1974ರಲ್ಲಿ ಕಂಪ್ಯೂಟರ್ ಚಿತ್ರಗಳ ಪತ್ರಿಕೆಯೊಂದರಲ್ಲಿ ಪ್ರಬಂಧ ಬರೆದರು. ಅಂಗಳದ ಚಿತ್ರಗಳಿಗೂ ಒಂದು ವ್ಯಾಕರಣವಿದೆ, ಕೆಲವೇ ನಿಯಮಗಳಿಂದ ಅವನ್ನು ಬೆಳೆಸಬಹುದು ಎಂದು ಗಣಿತದಲ್ಲಿ ತೋರಿಸಿಕೊಟ್ಟರು. ಗಣಕ ವಿಜ್ಞಾನದ ಓದಿನಲ್ಲಿ ಆ ಕೆಲಸಕ್ಕೆ ಇವತ್ತಿಗೂ ಜಾಗವಿದೆ. ಐವತ್ತು ವರ್ಷ ಕಳೆದ ಮೇಲೂ ನಮ್ಮ ನಾಲ್ಕನೇ ತರಗತಿಯ ಹುಡುಗಿಗೆ ಮಾತ್ರ ನಿನಗೆ ಬರುವುದು ಇದೇ ವಿದ್ಯೆ ಎಂದು ಯಾರೂ ಹೇಳಿಲ್ಲ. ನನಗೆ ಸಂಕಟ ಆಗುವುದು ಇಲ್ಲೇ.

“ಆದ್ರ ರಂಗೋಲಿ ಹಾಕಿದ್ರ ಕಂಪ್ಯೂಟರ್ ಬರ್ತೈತೇನು?” ಅಕ್ಕಾರು ಬಿಡುವವರಲ್ಲ.

ಬರುವುದಿಲ್ಲ. ಆದರೆ ಕಂಪ್ಯೂಟರಿನ ಮುಂದೆ ಕೂತಾಗ ಏನು ಹೇಳಬೇಕೋ ಅದು ಬರುತ್ತದೆ. ಅಮೆರಿಕದಲ್ಲಿ ಸೆಮೋರ್ ಪ್ಯಾಪರ್ಟ್ ಮತ್ತು ಅವರ ಗೆಳೆಯರು 1967ರಲ್ಲಿ ಮಕ್ಕಳಿಗಾಗಿಯೇ ಲೋಗೋ ಎಂಬ ಕಂಪ್ಯೂಟರ್ ಭಾಷೆ ಮಾಡಿದರು. ಮುಂದೆ ಅದಕ್ಕೊಂದು ಆಮೆ ಬಂತು. ಇಷ್ಟು ಹೆಜ್ಜೆ ಮುಂದೆ ಹೋಗು, ಇಷ್ಟು ಬಲಕ್ಕೆ ತಿರುಗು ಎಂದು ಮಗು ಹೇಳಿದರೆ ಆಮೆ ಗೆರೆ ಎಳೆಯುತ್ತ ಹೋಗುತ್ತದೆ. ಅದರ ಮುಂದಿನ ತಲೆಮಾರೇ ಎಂಐಟಿಯಲ್ಲಿ ಮಿಚೆಲ್ ರೆಸ್ನಿಕ್ ಅವರ ತಂಡ 2007ರಲ್ಲಿ ಹೊರತಂದ ಸ್ಕ್ರ್ಯಾಚ್. ಬಣ್ಣಬಣ್ಣದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ಬೆಕ್ಕನ್ನು ಕುಣಿಸುವ ಈ ತಂತ್ರಾಂಶಕ್ಕೆ ದುಡ್ಡು ಕೊಡಬೇಕಿಲ್ಲ. ಇನ್ನು ನ್ಯೂಜಿಲೆಂಡಿನ ಕ್ಯಾಂಟರ್ಬರಿ ವಿಶ್ವವಿದ್ಯಾಲಯದ ಟಿಮ್ ಬೆಲ್ ಮತ್ತು ಸಂಗಡಿಗರು 1990ರ ದಶಕದಲ್ಲೇ ಕಂಪ್ಯೂಟರ್ ಇಲ್ಲದೆ ಕಂಪ್ಯೂಟರ್ ವಿಜ್ಞಾನ ಕಲಿಸುವ ಆಟಗಳನ್ನು ಕಟ್ಟಿದರು. ನಮ್ಮ ದೇಶದಲ್ಲಿ ಕಂಪ್ಯೂಟರ್ ತಜ್ಞರ ಸಂಘವಾದ ಎಸಿಎಂ ಇಂಡಿಯಾ 2016ರಲ್ಲಿ ಶುರುಮಾಡಿದ ಸಿಎಸ್‌ಪಾಠಶಾಲಾ ಕೂಡ ಹೆಚ್ಚಾಗಿ ಇದೇ ದಾರಿ ಹಿಡಿದಿದೆ.

ಆಮೆಯ ಆಟಕ್ಕೆ ಶಾಲೆಯ ಅಂಗಳ ಸಾಕು. ಒಬ್ಬ ಹುಡುಗ ಕೈಯಲ್ಲಿ ಸುಣ್ಣದ ತುಂಡು ಹಿಡಿದು ಆಮೆಯಾಗುತ್ತಾನೆ. ಇನ್ನೊಬ್ಬಳು ಹಾಳೆಯಲ್ಲಿ ಬರೆದದ್ದನ್ನು ಓದಿ ಹೇಳುತ್ತಾಳೆ. “ಆ ಕಡೆ ಹೋಗು” ಅಂದರೆ ಆಮೆ ಕದಲಬಾರದು, ಅದು ಆಟದ ನಿಯಮ. “ಐದು ಹೆಜ್ಜೆ ಮುಂದೆ, ಬಲಕ್ಕೆ ತಿರುಗು” ಅಂದರೆ ಮಾತ್ರ ನಡೆಯಬೇಕು. ಅದನ್ನೇ ನಾಲ್ಕು ಸಲ ಹೇಳಿದರೆ ಚೌಕ ಆಗುತ್ತದೆ, ಆಮೆ ಹೊರಟಲ್ಲಿಗೇ ಬಂದು ನಿಲ್ಲುತ್ತದೆ. ಮೂರೇ ಸಲ ಬರೆದಿದ್ದರೆ ಬಾಯಿ ತೆರೆದ ಚೌಕ ನೆಲದ ಮೇಲೆ ಎಲ್ಲರಿಗೂ ಕಾಣುತ್ತದೆ. ಆಗ ಮೇಷ್ಟ್ರು ಬೈಯಬೇಕಿಲ್ಲ, ಹುಡುಗಿಯೇ ಹಾಳೆ ನೋಡಿ ಎಲ್ಲಿ ಬಿಟ್ಟೆ ಎಂದು ಹುಡುಕುತ್ತಾಳೆ. ತಪ್ಪಾದರೆ ಕೆಂಪು ಶಾಯಿಯ ಗೀಟು ಬೀಳುತ್ತದೆ ಎಂಬ ಅಂಜಿಕೆಯಲ್ಲೇ ನಮ್ಮ ಮಕ್ಕಳು ಬೆಳೆಯುತ್ತಾರೆ. ತಪ್ಪನ್ನು ಹುಡುಕಿ ತಾವೇ ತಿದ್ದುವ ಈ ಅಭ್ಯಾಸ ಒಂದನ್ನು ಕೊಟ್ಟರೂ ಕೋಡಿಂಗ್ ನಮ್ಮ ತರಗತಿಗೆ ಬಂದದ್ದು ಸಾರ್ಥಕ.

ನಮ್ಮ ಜಿಲ್ಲೆಯ ಕುರುಗೋಡಿನ ಮಕ್ಕಳಿಗಾದರೆ ಇನ್ನೊಂದು ಆಟ ಕೊಡಬಹುದು. ಊರಿಗೆ ಹೊಸಬನೊಬ್ಬ ನಿಮ್ಮ ಶಾಲೆಯ ಗೇಟಿನ ಮುಂದೆ ನಿಂತಿದ್ದಾನೆ, ಅವನಿಗೆ ಕನ್ನಡ ಓದಲು ಬರುತ್ತದೆ, ಬೇರೇನೂ ಗೊತ್ತಿಲ್ಲ. ದೊಡ್ಡಬಸವೇಶ್ವರ ಗುಡಿಗೆ ಹೋಗಲು ಅವನಿಗೆ ದಾರಿ ಬರೆದುಕೊಡಿ. ಜಾತ್ರೆಯಲ್ಲಿ ತೇರು ಬೀದಿಗೆ ಬಂದಿದ್ದರೆ ಯಾವ ಓಣಿಯಿಂದ ಸುತ್ತಬೇಕು ಎಂಬುದನ್ನೂ ಬರೆಯಿರಿ. ‘ಹೀಗಿದ್ದರೆ ಹಾಗೆ ಮಾಡು, ಇಲ್ಲದಿದ್ದರೆ ಹೀಗೆ’ ಎಂಬ ಮಾತು ಮಕ್ಕಳ ಬರಹದಲ್ಲಿ ತಾನಾಗಿ ಬರುತ್ತದೆ. ಭಾಷೆಯ ಪಾಠವೂ ಆಯಿತು, ನಕ್ಷೆಯ ಪಾಠವೂ ಆಯಿತು.

ಇಷ್ಟರಲ್ಲಿ ಅಕ್ಕಾರ ಸೊಸೆಯೂ ಬಂದು ನಿಂತಳು. ಆಕೆಯ ತವರು ಸಿರುಗುಪ್ಪ. “ಅಂಕಲ್, ಡಿಸೈನ್ ಅಂತಾನೂ ಸ್ಕೂಲಲ್ಲಿ ಹೇಳ್ತಾರಲ್ಲ, ಅದೇನು?” ಅಂದಳು. ನಾನು ಅವಳ ತವರಿನ ನೀರನ್ನೇ ಎತ್ತಿಕೊಂಡೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತಲ್ಲ, ಮರೆಯುವಂಥದ್ದಲ್ಲ ಅದು. ಕಂಪ್ಲಿ, ಕುರುಗೋಡು, ಸಿರುಗುಪ್ಪ ಕಡೆಯ ಮನೆಮನೆಯಲ್ಲೂ ಅದೇ ಮಾತು. ತುಂಬಿದ ಡ್ಯಾಮಿನ ನೀರು ಹರಿದುಹೋದರೆ ಭತ್ತದ ಗತಿ ಏನು ಎಂದು ದೊಡ್ಡವರು ಕಂಗಾಲಾಗಿದ್ದರು, ಮಕ್ಕಳು ಟಿ.ವಿ. ಮುಂದೆ ಕೂತು ನೋಡುತ್ತಿದ್ದರು. ಹರಿಯುವ ನೀರಿನಲ್ಲಿ ಒಂದೇ ದೊಡ್ಡ ಗೇಟನ್ನು ಇಳಿಸಲು ಆಗುವುದಿಲ್ಲ. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಉಕ್ಕಿನ ಗೇಟನ್ನು ಅಡ್ಡ ತುಂಡುಗಳಾಗಿ ಮಾಡಿಸಿ, ಕ್ರೇನಿನಿಂದ ಒಂದರ ಮೇಲೊಂದು ಇಳಿಸುತ್ತ ವಾರದೊಳಗೆ ನೀರು ನಿಲ್ಲಿಸಿದರು. ಇಂಥ ಗೇಟಿಗೆ ಹೇಳುವ ಸ್ಟಾಪ್‌ಲಾಗ್ ಎಂಬ ಪದ ಆ ವಾರ ಸಿರುಗುಪ್ಪದ ಚಹಾ ಅಂಗಡಿಯಲ್ಲೂ ಓಡಾಡಿತು.

ಇದಕ್ಕಿಂತ ಒಳ್ಳೆಯ ವಿನ್ಯಾಸದ ಪಾಠ ಯಾವ ಪುಸ್ತಕದಲ್ಲಿದೆ? ಐದನೇ ತರಗತಿಯ ಮಕ್ಕಳನ್ನು ಶಾಲೆಯ ಹಿಂದಿನ ಮಣ್ಣಿಗೆ ಕರೆದುಕೊಂಡು ಹೋಗಿ. ಇಟ್ಟಿಗೆ, ಜೇಡಿಮಣ್ಣಿನಲ್ಲಿ ಕಾಲುವೆ ಕಟ್ಟಿಸಿ, ಕೊಡದಲ್ಲಿ ನೀರು ಬಿಡಿ. ಹರಿಯುವಾಗಲೇ ನಿಲ್ಲಿಸಬೇಕು ಎಂದು ಹೇಳಿ ಸುಮ್ಮನಿರಿ. ಮೊದಲು ಒಬ್ಬ ರಟ್ಟು ಅಡ್ಡ ಇಡುತ್ತಾನೆ, ಅದು ನೆನೆದು ಬಾಗುತ್ತದೆ. ಇನ್ನೊಬ್ಬಳು ಹಳೆ ಸ್ಲೇಟು ಇಡುತ್ತಾಳೆ, ನೀರು ಅದನ್ನು ನೂಕುತ್ತದೆ. ಎರಡೂ ಬದಿಗೆ ಸೀಳು ಕೊರೆದು ಚಿಕ್ಕ ಹಲಗೆಗಳನ್ನು ಒಂದರ ಮೇಲೊಂದು ಇಳಿಸಬೇಕೆಂಬುದು ಹೊಳೆಯಲು ಒಂದು ಮಧ್ಯಾಹ್ನ ಹಿಡಿಯಬಹುದು, ಹಿಡಿಯಲಿ. ಕಷ್ಟ ಯಾರದು, ಏನು ಸಿಗುತ್ತದೆ, ಮೊದಲ ಪ್ರಯತ್ನ ಯಾಕೆ ಕೆಟ್ಟಿತು, ಎರಡನೆಯದರಲ್ಲಿ ಏನು ಬದಲಿಸಬೇಕು ಎಂದು ಕೇಳಿಕೊಳ್ಳುತ್ತ ಹೋಗುವುದನ್ನೇ ದೊಡ್ಡ ದೊಡ್ಡ ಸಂಸ್ಥೆಗಳಲ್ಲಿ ಡಿಸೈನ್ ಎಂದು ಕಲಿಸುತ್ತಾರೆ.

ಅದೇ ಮಣ್ಣಿನ ಕಾಲುವೆಯಿಂದ ಮುಂದಿನ ಪಾಠ ಶುರುವಾಗುತ್ತದೆ. ತುಂಗಭದ್ರೆಯ ಕೆಳಮಟ್ಟದ ಕಾಲುವೆಯ (ಎಲ್‌ಎಲ್‌ಸಿ) ಕೊನೆ ಭಾಗದ ರೈತರಿಗೆ ನೀರು ಮುಟ್ಟುವುದಿಲ್ಲ ಎಂಬ ಗೋಳು ಸಿರುಗುಪ್ಪದ ಮಗು ಹುಟ್ಟಿದಾಗಿನಿಂದ ಕೇಳಿದ್ದು. ಮೇಲಿನ ಗದ್ದೆಯವನು ತೂಬು ಎಷ್ಟು ಹೊತ್ತು ತೆರೆಯಬೇಕು, ಯಾವಾಗ ಮುಚ್ಚಬೇಕು, ಕೆಳಗಿನವನ ಪಾಳಿ ಯಾವಾಗ ಎಂಬ ನಿಯಮಗಳನ್ನು ಮಕ್ಕಳೇ ಬರೆದು, ನೀರು ಬಿಟ್ಟು ನೋಡಲಿ. ತಾವು ಬರೆದ ನಿಯಮದಿಂದ ಕೊನೆಯ ಗದ್ದೆ ಒಣಗಿದರೆ ನಿಯಮ ತಿದ್ದಲಿ. ನಾಳೆ ಯಾವುದೋ ಯಂತ್ರಕ್ಕೆ ನಿಯಮ ಬರೆಯುವ ಕೆಲಸಕ್ಕೆ ಈ ಮಕ್ಕಳಲ್ಲಿ ಒಬ್ಬರು ಕೂತರೆ, ಕೊನೆಯ ಗದ್ದೆಯವನ ನೆನಪು ಅವರಿಗೆ ಇರಬೇಕು ಎಂಬುದು ನನ್ನ ಆಸೆ. ಕೋಡಿಂಗ್ ಕಲಿಸುವವರು ಈ ಭಾಗವನ್ನು ಹೇಳುವುದು ಕಡಿಮೆ.

ಕುರುಗೋಡು ಕಡೆ ಕಣದಲ್ಲಿ ಮೆಣಸಿನಕಾಯಿ ಹರವಿದಾಗ ಅಕಾಲದ ಮಳೆ ಬಂದರೆ ಮನೆಮಂದಿಯೆಲ್ಲ ತಾಡಪಾಲು ಹಿಡಿದು ಓಡಬೇಕು. ಬಟ್ಟೆ ಒಣಹಾಕುವ ಕ್ಲಿಪ್ಪಿನ ಎರಡು ತುಟಿಗೂ ತಂತಿ ಸುತ್ತಿ, ನಡುವೆ ಸಕ್ಕರೆ ಅಚ್ಚಿನ ತುಂಡು ಕಚ್ಚಿಸಿ, ತಂತಿಗಳನ್ನು ಸೆಲ್ಲು ಮತ್ತು ಬಜರಿಗೆ ಕೂಡಿಸಿದರೆ, ಮಳೆ ಹನಿಗೆ ಸಕ್ಕರೆ ಕರಗಿ ತುಟಿ ಮುಚ್ಚಿದ ಕೂಡಲೇ ಬಜರು ಕೂಗುತ್ತದೆ. ಮಗು ತನ್ನ ಅಪ್ಪನ ಕಣಕ್ಕೆ ಇದನ್ನು ಕಟ್ಟಿಕೊಟ್ಟರೆ ಸೆನ್ಸರ್ ಅಂದರೇನು ಎಂದು ಪ್ರತ್ಯೇಕವಾಗಿ ಹೇಳಬೇಕೆ? ಬೆಂಕಿಕಡ್ಡಿ, ಸೈಕಲ್ಲಿನ ವಾಲ್ವ್ ಟ್ಯೂಬುಗಳಿಂದ ರೇಖಾಗಣಿತ ಕಲಿಸಿದ ಅರವಿಂದ ಗುಪ್ತ ಅವರು ಕಸದಿಂದ ಆಟಿಕೆ ಮಾಡುವುದನ್ನು ದೇಶಕ್ಕೆಲ್ಲ ತೋರಿಸಿದ್ದು ಇದೇ ನಂಬಿಕೆಯಿಂದ.

ಬಳ್ಳಾರಿ ನಗರದ ಮಕ್ಕಳಿಗೆ ಜೀನ್ಸ್ ಇದೆ. ಎಷ್ಟೋ ಮನೆಗಳಲ್ಲಿ ತಾಯಂದಿರು ಪೀಸಿಗಿಷ್ಟು ಎಂದು ಪ್ಯಾಂಟಿನ ದಾರ ಕತ್ತರಿಸುತ್ತಾರೆ. ಕಟಿಂಗ್ ಮಾಸ್ಟರು ಬಟ್ಟೆಯ ಮೇಲೆ ಪ್ಯಾಟರ್ನ್‌ಗಳನ್ನು ತಿರುಗಿಸಿ ಮುರುಗಿಸಿ ಇಟ್ಟು ಚೂರು ಕಡಿಮೆ ಉಳಿಯುವಂತೆ ಗೆರೆ ಹಾಕುವುದು ಬಹಳ ಸೂಕ್ಷ್ಮದ ಲೆಕ್ಕ. ಹಳೆ ಪೇಪರಿನ ಒಂದು ಹಾಳೆ ಕೊಟ್ಟು, ಗೊಂಬೆಗೆ ಪ್ಯಾಂಟು ಕತ್ತರಿಸಿ, ಯಾರ ಚೂರು ಕಡಿಮೆ ನೋಡೋಣ ಎಂದರೆ ವಿಸ್ತೀರ್ಣದ ಪಾಠ ತಲೆಗೆ ಹತ್ತುತ್ತದೆ. ಆ ಮಾಸ್ಟರನ್ನು ಒಂದು ದಿನ ತರಗತಿಗೆ ಕರೆದು ಕೂಡಿಸಬೇಕು. ಅಪ್ಪ ಮಾಡುವ ಕೆಲಸಕ್ಕೆ ಶಾಲೆಯಲ್ಲಿ ಮರ್ಯಾದೆ ಸಿಕ್ಕಿದ್ದನ್ನು ಮಗು ನೋಡಲಿ.

ತೊಗಲುಗೊಂಬೆಯನ್ನು ಬಿಡಲಾರೆ. 2023ರಲ್ಲಿ ತೀರಿಕೊಂಡ ಬೆಳಗಲ್ಲು ವೀರಣ್ಣನವರು ನಮ್ಮ ಬಳ್ಳಾರಿಯವರು. ರಾಮಾಯಣ ಆಡುತ್ತಿದ್ದ ಪರದೆಯ ಮೇಲೆ ಗಾಂಧೀಜಿಯ ಕಥೆಯನ್ನೂ ತಂದವರು. ಆ ಗೊಂಬೆಯ ತೋಳು ಒಂದು ತುಂಡು, ಮುಂಗೈ ಒಂದು ತುಂಡು, ನಡುವೆ ದಾರದ ಗಂಟು. ಯಾವುದು ಮೊದಲು ಅಲುಗಬೇಕು, ಯಾವುದು ಆಮೇಲೆ ಎಂಬುದು ಆಡಿಸುವವನ ಕೈಗೆ ಗೊತ್ತು. ರಟ್ಟಿನಲ್ಲಿ ಅಂಥ ಗೊಂಬೆ ಮಾಡಿ, ಅದರ ಚಲನೆಯನ್ನು ಸಾಲುಸಾಲಾಗಿ ಬರೆದು ಆಡಿಸಿದ ಮಗುವಿಗೆ ಸ್ಕ್ರ್ಯಾಚಿನ ಬೆಕ್ಕು ಅಪರಿಚಿತ ಅನಿಸುವುದಿಲ್ಲ.

“ನೀವು ಎಲ್ಲಾ ಮಣ್ಣು, ರಟ್ಟು ಅಂತೀರಿ. ಬೆಂಗಳೂರಿನ ಮಕ್ಕಳು ಲ್ಯಾಪ್‌ಟಾಪ್ ಹಿಡೀತಾರ, ನಮ್ಮ ಮಕ್ಕಳು ಸುಣ್ಣದ ತುಂಡು ಹಿಡೀಬೇಕಾ?” ಸೊಸೆ ನೇರವಾಗಿ ಕೇಳಿದಳು. ನ್ಯಾಯವಾದ ಮಾತು. ಸರಕಾರಿ ಶಾಲೆಗೆ ಮಣ್ಣು, ಖಾಸಗಿ ಶಾಲೆಗೆ ಯಂತ್ರ ಎಂದು ಹಂಚಿದರೆ ಅದು ಅನ್ಯಾಯ. ಕಂಪ್ಯೂಟರ್ ಬೇಕು, ಸಿರುಗುಪ್ಪದ ಹಳ್ಳಿಯ ಮಗುವಿಗೂ ಬೇಕು. ನನ್ನ ತಕರಾರು ಸರದಿಯ ಬಗ್ಗೆ ಮಾತ್ರ. ಮೊದಲು ಮೇಷ್ಟ್ರು, ಆಮೇಲೆ ಮಗುವಿಗೆ ತಿಳಿಯುವ ಭಾಷೆ, ಆಮೇಲೆ ಯಂತ್ರ.

ಸರದಿ ತಪ್ಪಿದಾಗ ಏನಾಗುತ್ತದೆ ಎಂಬುದನ್ನು ನಮ್ಮ ರಾಜ್ಯ ನೋಡಿದೆ. 2004ರಲ್ಲಿ ಎಜುಸ್ಯಾಟ್ ಉಪಗ್ರಹ ಹಾರಿದ ಮೇಲೆ ಚಾಮರಾಜನಗರದ ಪ್ರಾಥಮಿಕ ಶಾಲೆಗಳಿಗೆ ಆಕಾಶದಿಂದ ಪಾಠ ಬಂತು. ಅದಕ್ಕೂ ಸ್ವಲ್ಪ ಮುಂಚಿನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ಸರಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಕಾ ಕೇಂದ್ರ ನಡೆಸಿತು, ಕನ್ನಡದಲ್ಲೇ ಆಟದಂಥ ಪಾಠದ ಸಿ.ಡಿ. ಮಾಡಿತು. ಕೆಲವು ವರ್ಷ ನಡೆಸಿ ನೋಡಿ, ಅದನ್ನು ಕೈಬಿಟ್ಟು ಶಿಕ್ಷಕರ ಜೊತೆಗಿನ ಕೆಲಸಕ್ಕೆ ತಿರುಗಿತು. ತಂತ್ರಜ್ಞಾನದ ದುಡ್ಡಿನಿಂದಲೇ ಹುಟ್ಟಿದ ಸಂಸ್ಥೆಯೊಂದು ಯಂತ್ರ ಬಿಟ್ಟು ಮೇಷ್ಟ್ರ ಕಡೆ ನಡೆದದ್ದು ದೊಡ್ಡ ಸಾಕ್ಷಿ ಎಂದೇ ನಾನು ತಿಳಿದಿದ್ದೇನೆ. 2020ರ ಕೊರೋನಾ ಕಾಲದಲ್ಲಿ ಹಳ್ಳಿಯ ಮಕ್ಕಳ ಪಾಠ ಉಳಿಸಲು ಶಿಕ್ಷಕರು ವಿದ್ಯಾಗಮ ಎಂದು ಗುಡಿ ಕಟ್ಟೆಗೆ, ಮರದ ನೆರಳಿಗೆ ಹೋದರಲ್ಲ, ಎಷ್ಟೋ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇರಲಿಲ್ಲ ಎಂಬುದೇ ಅದಕ್ಕೆ ಕಾರಣ. ಅದೇ ವರ್ಷ ಕೋಡಿಂಗ್ ಕಲಿತ ಪುಟ್ಟ ಮಕ್ಕಳು ಕೋಟಿ ಗಳಿಸುತ್ತಾರೆ ಎಂಬಂಥ ಜಾಹೀರಾತುಗಳು ಪೋಷಕರನ್ನು ಬೆನ್ನಟ್ಟಿದವು. ವೈಟ್‌ಹ್ಯಾಟ್ ಜೂನಿಯರ್ ಕಂಪನಿಯ ಕೆಲವು ಜಾಹೀರಾತುಗಳನ್ನು ದೇಶದ ಜಾಹೀರಾತು ಮಾನದಂಡ ಮಂಡಳಿ ಹಿಂತೆಗೆಸಿತು. ನಾಲ್ಕನೇ ತರಗತಿಯ ಮಗು ಗಳಿಸಬೇಕಾಗಿಲ್ಲ, ಅಕ್ಕಾರ. ಆಡಬೇಕು, ಕಟ್ಟಬೇಕು, ಕೆಡಿಸಿ ಮತ್ತೆ ಕಟ್ಟಬೇಕು.

ಇಂಗ್ಲೆಂಡಿನಲ್ಲಿ 2014ರಿಂದ ಐದು ವರ್ಷದ ಮಗುವಿನಿಂದಲೇ ಕಂಪ್ಯೂಟಿಂಗ್ ಕಡ್ಡಾಯ. ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರನೇ ತರಗತಿಯಿಂದ ಕೋಡಿಂಗ್ ಎಂದಿತು. 2025ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ 2026-27ರಿಂದ ಮೂರನೇ ತರಗತಿಗೇ ಕೃತಕ ಬುದ್ಧಿಮತ್ತೆಯ ಪಾಠ ಎಂದು ಹೇಳಿದೆ. ಆದೇಶ ಇವತ್ತಲ್ಲ ನಾಳೆ ಕುರುಗೋಡಿನ ಶಾಲೆಗೂ ಬರುತ್ತದೆ. ಬಂದಾಗ ಆ ತರಗತಿಯಲ್ಲಿ ಕಾಯಂ ಶಿಕ್ಷಕರು ಇರುತ್ತಾರಾ, ಅತಿಥಿ ಶಿಕ್ಷಕರ ಗೌರವಧನಕ್ಕೆ ಎಷ್ಟು ತಿಂಗಳು ಕಾಯಬೇಕು, ಮೆಣಸಿನಕಾಯಿ ಬಿಡಿಸುವ ಕಾಲಕ್ಕೆ ಎಷ್ಟು ಮಕ್ಕಳು ತರಗತಿಯಲ್ಲಿ ಉಳಿಯುತ್ತಾರೆ ಎಂಬ ಪ್ರಶ್ನೆಗಳಿಗೆ ಮೊದಲು ಉತ್ತರ ಬೇಕು. ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನಮಾನ ಬಂದು ಹತ್ತು ವರ್ಷ ದಾಟಿದ ನಮ್ಮ ಕಲ್ಯಾಣ ಕರ್ನಾಟಕಕ್ಕೆ ಇದನ್ನು ಕೇಳುವ ಹಕ್ಕಿದೆ.

ತಳಹದಿ ನಮ್ಮಲ್ಲೇ ಇದೆ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿಕಲಿ ಪದ್ಧತಿ ಮುಂದೆ ರಾಜ್ಯದ ಸರಕಾರಿ ಶಾಲೆಗಳ ಒಂದರಿಂದ ಮೂರನೇ ತರಗತಿಗೆ ಹಬ್ಬಿತು. ಕಲಿಕಾ ಏಣಿಯ ಮೇಲೆ ಮಗು ತನ್ನ ವೇಗದಲ್ಲಿ ಹತ್ತುತ್ತದೆ. ಕಾರ್ಡಿನ ಮೇಲಿನ ಚಿತ್ರ ನೋಡಿ ಈಗ ಏನು ಮಾಡಬೇಕು ಎಂದು ತಾನೇ ತಿಳಿಯುತ್ತದೆ. ಇಂಥ ಮಗುವಿಗೆ ಸೂಚನೆಯ ಸಾಲು, ಹಂತ, ಮರಳಿ ಪ್ರಯತ್ನ ಯಾವುದೂ ಹೊಸದಲ್ಲ. ನಮ್ಮ ಗಡಿಯ ಊರುಗಳಲ್ಲಿ ಮನೆಯಲ್ಲಿ ತೆಲುಗು, ಉರ್ದು ಆಡುವ ಮಕ್ಕಳು ಕನ್ನಡ ಶಾಲೆಗೆ ಬರುತ್ತಾರೆ. ಅವರ ಮೇಲೆ ಕೋಡಿಂಗ್ ಹೆಸರಿನಲ್ಲಿ ಮೊದಲ ದಿನವೇ ಇಂಗ್ಲಿಷ್ ಆಜ್ಞೆಗಳನ್ನು ಹೇರಿದರೆ ಮಗು ಸೋಲುವುದು ಇಂಗ್ಲಿಷಿನಲ್ಲಿ, ಹೆಸರು ಕೆಡುವುದು ಲೆಕ್ಕದಲ್ಲಿ.

ಇನ್ನೊಂದು ಮಾತು, ಸೊಸೆಯ ಮುಖ ನೋಡಿಯೇ ಹೇಳಿದೆ. ಮೌಸು ಒಂದೇ ಇದ್ದಾಗ ಅದು ಹುಡುಗನ ಕೈಗೆ ಹೋಗುತ್ತದೆ, ಹುಡುಗಿ ಹಿಂದೆ ನಿಂತು ನೋಡುತ್ತಾಳೆ. ಮನೆಯ ಮೊಬೈಲಿನದೂ ಅದೇ ಕಥೆ. ಸಂದು ಚುಕ್ಕಿಯ ಲೆಕ್ಕ ಬಲ್ಲವಳು ಅವಳು. ಮೇಷ್ಟ್ರು ಕಣ್ಣಿಟ್ಟು ಅವಳನ್ನೇ ಮೊದಲು ಕೂಡಿಸಬೇಕು.

“ಹಂಗಾದ್ರ ಕ್ಲಾಸಿಗೆ ಹಾಕ್ಲಾ, ಬ್ಯಾಡಾ ಅದನ್ನ ಹೇಳ್ರಿ” ಅಂದರು ಅಕ್ಕಾರು. ಈ ವರ್ಷ ಬೇಡ ಅಂದೆ. ಆ ದುಡ್ಡಿನಲ್ಲಿ ಒಂದು ಭಾಗಕ್ಕೆ ಸೆಲ್ಲು, ತಂತಿ, ಬಲ್ಬು, ಗಟ್ಟಿ ರಟ್ಟು, ಒಳ್ಳೆಯ ಕತ್ತರಿ ತಂದುಕೊಡಿ. ಮಗ ತನ್ನ ಲ್ಯಾಪ್‌ಟಾಪಿನಲ್ಲಿ ಭಾನುವಾರ ಒಂದು ಗಂಟೆ ಅವಳಿಗೆ ಸ್ಕ್ರ್ಯಾಚ್ ಹಾಕಿಕೊಡಲಿ, ತಾನೂ ಪಕ್ಕದಲ್ಲಿ ಕೂರಲಿ. ನಿಮ್ಮ ಹದಿನೈದು ಚುಕ್ಕಿಯನ್ನು ಅದರಲ್ಲಿ ಬಿಡಿಸಲು ಮೊಮ್ಮಗಳಿಗೆ ಹೇಳಿ. ಹೇಗೆ ಎಂದು ಅವಳು ಕೇಳಿದರೆ ನೀವೇ ಹೇಳಿಕೊಡಿ, ನಿಮಗೆ ಬರುತ್ತದೆ.

ಆದರೆ ಒಂದು ಮನೆಯ ಹುಡುಗಿ ಕಲಿತರೆ ಸಾಲದು. ಈಗ ಸರಕಾರಿ ಶಾಲೆಗಳಲ್ಲಿ ತಿಂಗಳ ಮೂರನೇ ಶನಿವಾರ ಬ್ಯಾಗಿಲ್ಲದ ಸಂಭ್ರಮ ಶನಿವಾರ ಇದೆ. 2023ರ ಜನವರಿಯ ಕಲಿಕಾ ಹಬ್ಬದಲ್ಲಿ ಕಾಗದ, ಕತ್ತರಿ ಹಿಡಿದ ಮಕ್ಕಳ ಮುಖ ನೋಡಿದವರಿಗೆ ಆ ದಿನ ಏನು ಮಾಡಿಸಬಹುದು ಎಂದು ಹೇಳಬೇಕಿಲ್ಲ. ಕಂಪ್ಯೂಟರ್ ಇರುವ ಎಷ್ಟೋ ಹೈಸ್ಕೂಲುಗಳು ಪ್ರಾಥಮಿಕ ಶಾಲೆಯ ಆಚೆ ಬೀದಿಯಲ್ಲೇ ಇವೆ. ಆ ಶನಿವಾರ ಎರಡು ತಾಸು ಆ ಕಂಪ್ಯೂಟರುಗಳ ಮುಂದೆ ನಾಲ್ಕು, ಐದನೇ ತರಗತಿಯ ಮಕ್ಕಳು ಕೂತರೆ ಯಾರಿಗೂ ನಷ್ಟವಿಲ್ಲ.

ನಿಮ್ಮ ಮಗುವೋ ಮೊಮ್ಮಗುವೋ ಸರಕಾರಿ ಶಾಲೆಯಲ್ಲಿದ್ದರೆ, ಬಳ್ಳಾರಿಯಲ್ಲಾಗಲಿ, ಸಿರುಗುಪ್ಪ, ಕುರುಗೋಡಿನಲ್ಲಾಗಲಿ, ಮುಂದಿನ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಗೆ ತಪ್ಪದೆ ಹೋಗಿ. ಖಾಲಿ ಇರುವ ಶಿಕ್ಷಕರ ಹುದ್ದೆಗೆ ಮನವಿ ಬರೆಸಿ ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಗೆ ಕಳಿಸಿ. ಮೂರನೇ ಶನಿವಾರಕ್ಕೆ ಹೈಸ್ಕೂಲಿನ ಕಂಪ್ಯೂಟರ್ ಕೋಣೆಯ ಬೀಗ ತೆಗೆಸುವ ಠರಾವು ಅದೇ ಸಭೆಯಲ್ಲಿ ಮಾಡಿಸಿ.